ವಿಯೆಟ್ನಾಮಿನ ಅಡ್ಡಹೆಸರುಗಳನ್ನು ಕನ್ನಡದ ಬಾಯಿಂದ ಓದುವುದು ಹೇಗೆ?

ನಮ್ಮ ಪತ್ರಿಕೆಗಳಲ್ಲಿ ಒಂದೇ ಅಡ್ಡಹೆಸರು ನಾಲ್ಕು ವೇಷದಲ್ಲಿ ಅಚ್ಚಾಗುತ್ತದೆ: ನ್ಗುಯೆನ್, ಎನ್‌ಗುಯೆನ್, ಗುಯೆನ್, ನುಯೆನ್. ವಿಯೆಟ್ನಾಮಿನಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರ ಅಡ್ಡಹೆಸರು ಇದು. ಟಿ.ವಿ.ಯಲ್ಲಿ ಸುದ್ದಿ ಓದುವವರು ಈ ಹೆಸರು ಎದುರಾದಾಗ ಅರೆಗಳಿಗೆ ತಡವರಿಸಿ, ಬಾಯಿಗೆ ಬಂದದ್ದನ್ನು ಹೇಳಿ ಮುಂದಿನ ಪದಕ್ಕೆ ಹಾರಿಬಿಡುತ್ತಾರೆ. ಅವರನ್ನು ದೂರುವಂತಿಲ್ಲ. ಈ ಹೆಸರುಗಳು ನಮಗೆ ತಲುಪುವುದೇ ಇಂಗ್ಲಿಷ್ ಸುದ್ದಿಸಂಸ್ಥೆಗಳ ಕೈದಾಟಿ. ಬರುವ ದಾರಿಯಲ್ಲಿ ಅಕ್ಷರದ ಮೇಲೆ ಕೆಳಗೆ ಇದ್ದ ಗುರುತುಗಳೆಲ್ಲ ಉದುರಿರುತ್ತವೆ. ಉಳಿದ ರೋಮನ್ ಅಕ್ಷರಗಳನ್ನು ನಾವು ಇಂಗ್ಲಿಷ್ ಎಂದೇ ತಿಳಿದು ಓದುತ್ತೇವೆ.

ಇಂಗ್ಲಿಷ್ ಆಡುವವರಿಗೆ ಈ ಹೆಸರುಗಳು ನಿಜಕ್ಕೂ ತೊಡಕಿನವು. ನಮಗೆ ಅಷ್ಟು ತೊಡಕಾಗಬೇಕಿಲ್ಲ, ಯಾಕೆಂದರೆ ಬೇಕಾದ ಧ್ವನಿಗಳಲ್ಲಿ ಹೆಚ್ಚಿನವು ಕನ್ನಡ ವರ್ಣಮಾಲೆಯಲ್ಲೇ ಕೂತಿವೆ. ಉಳಿದವುಗಳಲ್ಲಿ ಒಂದೆರಡು ತುಳು, ಕೊಡವ ಭಾಷೆಗಳಲ್ಲಿ ಸಿಗುತ್ತವೆ. ಇಂಗ್ಲಿಷಿನ ಸುತ್ತುದಾರಿ ಹಿಡಿದು ನಾವು ಕೈಲಿದ್ದ ಅನುಕೂಲವನ್ನು ಬಿಟ್ಟುಕೊಡುತ್ತಿದ್ದೇವೆ.

ಮೊದಲು ಆ ಲಿಪಿ ಎಲ್ಲಿಂದ ಬಂತು ಎನ್ನುವುದನ್ನು ನೋಡಬೇಕು. ವಿಯೆಟ್ನಾಮಿಗರು ಬಹುಕಾಲ ಚೀನೀ ಲಿಪಿಯಲ್ಲೂ ಅದರಿಂದ ತಾವೇ ಕಟ್ಟಿಕೊಂಡ ಇನ್ನೊಂದು ಲಿಪಿಯಲ್ಲೂ ಬರೆದರು. 17ನೇ ಶತಮಾನದಲ್ಲಿ ಅಲ್ಲಿಗೆ ಹೋದ ಜೆಸ್ವಿಟ್ ಪಾದ್ರಿಗಳು, ಅವರಲ್ಲೂ ಪೋರ್ಚುಗೀಸರು, ತಮ್ಮ ಕಿವಿಗೆ ಕೇಳಿಸಿದ್ದನ್ನು ರೋಮನ್ ಅಕ್ಷರಗಳಲ್ಲಿ ಗುರುತು ಹಾಕಿಕೊಳ್ಳತೊಡಗಿದರು. ಫ್ರಾನ್ಸಿಸ್ಕು ದ ಪಿನಾ ಈ ಕೆಲಸದಲ್ಲಿ ಮೊದಲಿಗ. ಅಲೆಕ್ಸಾಂಡ್ರ್ ದ ರೋಡ್ ಎಂಬ ಪಾದ್ರಿ 1651ರಲ್ಲಿ ರೋಮ್‌ನಲ್ಲಿ ವಿಯೆಟ್ನಾಮಿ, ಪೋರ್ಚುಗೀಸ್, ಲ್ಯಾಟಿನ್ ಮೂರೂ ಇರುವ ನಿಘಂಟನ್ನು ಅಚ್ಚು ಹಾಕಿಸಿದ. ಹಾಗಾಗಿ ಇವತ್ತಿನ ವಿಯೆಟ್ನಾಮಿ ಬರವಣಿಗೆಯಲ್ಲಿ ಹಲವು ಅಕ್ಷರಗಳಿಗೆ ಇರುವುದು ನಾನೂರು ವರ್ಷ ಹಿಂದಿನ ಪೋರ್ಚುಗೀಸರ ಲೆಕ್ಕ. ಇಂಗ್ಲಿಷಿಗೂ ಅದಕ್ಕೂ ನಂಟಿಲ್ಲ.

ಇದಕ್ಕೆ ಕರಾವಳಿಯಲ್ಲೇ ಒಂದು ಸಾಕ್ಷಿ ಇದೆ. ಮಂಗಳೂರು ಕಡೆಯ ಕ್ರೈಸ್ತರಲ್ಲಿ ಕುನ್ಹಾ, ಡಿಕುನ್ಹಾ ಎಂಬ ಮನೆತನಗಳಿವೆಯಲ್ಲ, ಆ ಹೆಸರಿನ ರೋಮನ್ ರೂಪದಲ್ಲಿ ಎನ್ ಪಕ್ಕದಲ್ಲಿ ಎಚ್ ಇದೆ. ಪೋರ್ಚುಗೀಸಿನಲ್ಲಿ ಆ ಜೋಡಿಯ ಉಚ್ಚಾರ ನಮ್ಮ ಞ. ಲಿಸ್ಬನ್‌ನವರು ಆ ಹೆಸರನ್ನು ‘ಕುಞ’ ಎನ್ನುತ್ತಾರೆ. ನಾವು ಅಕ್ಷರ ನೋಡಿಕೊಂಡು ‘ನ್ಹ’ ಮಾಡಿದೆವು. ವಿಯೆಟ್ನಾಮಿನ ‘ಹ್ವಿಞ್’ ಎಂಬ ಅಡ್ಡಹೆಸರಿನ ಕೊನೆಯಲ್ಲಿರುವುದೂ ಇದೇ ಎನ್-ಎಚ್ ಜೋಡಿ. ಅದನ್ನು ‘ಹುಯಿನ್ಹ್’ ಎಂದು ಓದಿದರೆ ಕುನ್ಹಾ ಕಥೆಯೇ ಮರುಕಳಿಸಿತು. ಮಲಯಾಳಿಗಳು ‘ನಾನು’ ಎನ್ನಲು ‘ಞಾನ್’ ಎನ್ನುತ್ತಾರೆ, ಅಲ್ಲಿ ಮೊದಲಿಗೆ ಕೇಳುವುದು ಈ ಧ್ವನಿಯೇ. ಅಂದಹಾಗೆ ದಕ್ಷಿಣ ವಿಯೆಟ್ನಾಮಿನವರ ಬಾಯಲ್ಲಿ ಹ್ವಿಞ್ ಕೊನೆಯ ಞ್ ಸವೆದು ಬಹುತೇಕ ನ್ ಆಗಿಬಿಡುತ್ತದೆ, ಆದ್ದರಿಂದ ‘ಹ್ವಿನ್’ ಎಂದರೂ ನಡೆಯುತ್ತದೆ. ಎಚ್ ಮಾತ್ರ ಕೊನೆಯಲ್ಲಿ ಕೇಳಿಸಕೂಡದು.

ಮೂವರಲ್ಲಿ ಒಬ್ಬರ ಹೆಸರು

ಈಗ ಆ ದೊಡ್ಡ ಹೆಸರಿಗೆ ಬರೋಣ. ರೋಮನ್‌ನಲ್ಲಿ ಎನ್, ಜಿ, ಯು, ವೈ, ಇ, ಎನ್. ಮೊದಲ ಎರಡು ಅಕ್ಷರ ಸೇರಿ ಒಂದೇ ಧ್ವನಿ: ಙ. ಕ-ವರ್ಗದ ಕೊನೆಯ ಅಕ್ಷರ, ಒಂದನೇ ತರಗತಿಯಲ್ಲಿ ಕಲಿತು ಆಮೇಲೆ ಜೀವಮಾನದಲ್ಲಿ ಒಮ್ಮೆಯೂ ಬರೆಯದ ಅಕ್ಷರ. ಬರೆಯುವುದಿಲ್ಲ ನಿಜ, ಆದರೆ ದಿನಕ್ಕೆ ನೂರು ಸಲ ಆಡುತ್ತೇವೆ. ಅಂಗಡಿ, ತಿಂಗಳು, ಸಂಗಡ, ಎಲ್ಲದರಲ್ಲೂ ಸೊನ್ನೆಯ ಬೆನ್ನಿಗೆ ಅಡಗಿರುವುದು ಅದೇ. ತೊಡಕು ಇಷ್ಟೇ: ಕನ್ನಡದಲ್ಲಿ ಅದು ಪದದ ನಡುವೆ, ಗ ಅಥವಾ ಕ ಜೊತೆಗೇ ಬರುತ್ತದೆ. ವಿಯೆಟ್ನಾಮಿಯಲ್ಲಿ ಒಂಟಿಯಾಗಿ, ಪದದ ಬಾಗಿಲಲ್ಲೇ ನಿಂತಿರುತ್ತದೆ.

ಬಿಡಿಸಿಕೊಳ್ಳುವ ಬಗೆ ಹೀಗೆ. ‘ಬೆಂಗಳೂರು’ ಎಂದು ನಿಧಾನಕ್ಕೆ ಹೇಳಿ, ಗ ಬರುವ ಮುಂಚೆ ನಿಲ್ಲಿಸಿ: ‘ಬೆಙ್…’. ನಾಲಿಗೆಯ ಹಿಂಭಾಗ ಮೇಲೆ ಅಂಟಿಕೊಂಡಿದೆ, ಸದ್ದು ಮೂಗಿನಿಂದ ಬರುತ್ತಿದೆ, ನಾಲಿಗೆಯ ತುದಿ ಸುಮ್ಮನೆ ಕೆಳಗೆ ಬಿದ್ದಿದೆ. ತುದಿ ಹಲ್ಲಿಗೆ ತಾಗಿದರೆ ಅದು ನ ಆಯಿತು, ಮತ್ತೆ ಮೊದಲಿಂದ. ಆ ‘ಙ್’ ಅನ್ನೇ ಎಳೆಯುತ್ತ ತುಟಿ ದುಂಡಗೆ ಮಾಡಿ ‘ವಿಯೆನ್’ ಸೇರಿಸಿ: ಙ್-ವಿಯೆನ್. ಅಂಟಿದ ನಾಲಿಗೆಯನ್ನು ಬಿಡುವಾಗ ಗ ಎಂಬ ಸಿಡಿತ ಕೇಳಿಸಬಾರದು. ನಾಲ್ಕಾರು ಸಲ ಹೇಳಿಕೊಂಡ ಮೇಲೆ ಎಳೆತ ತೆಗೆದು ಒಂದೇ ಉಸಿರಿಗೆ, ಒಂದೇ ಹೊಡೆತಕ್ಕೆ ಹೇಳಿ. ಹೆಸರಿನಲ್ಲಿರುವುದು ಒಂದೇ ಉಚ್ಚಾರಾಂಶ; ‘ನು-ಯೆನ್’ ಎಂದು ಎರಡಾಗಿ ಕಡಿಯುವಂತಿಲ್ಲ.

ಇದು ಉತ್ತರದ, ಅಂದರೆ ಹನೋಯ್ ಕಡೆಯ ಉಚ್ಚಾರ. ಸೈಗಾನ್ ಕಡೆಯವರು ಕೊನೆಯ ನ್ ಅನ್ನೂ ಙ್ ಮಾಡಿ ‘ಙ್ವಿಯಙ್’ ಎನ್ನುತ್ತಾರೆ. ಅಮೆರಿಕದಲ್ಲಿ ನೆಲೆಸಿದ ಹಲವರು ಎದುರಿನವರ ನಾಲಿಗೆಗೆ ಕನಿಕರಪಟ್ಟು ‘ವಿನ್’ ಎಂದು ಹೇಳಿಕೊಳ್ಳುತ್ತಾರೆ. ಅವರೇ ಹಾಗೆ ಹೇಳಿಕೊಂಡರೆ ನಾವೂ ಹಾಗೇ ಕರೆಯುವುದು ಮರ್ಯಾದೆ. ಇನ್ನು ಕನ್ನಡದಲ್ಲಿ ಬರೆಯುವಾಗ? ‘ಙ್ವಿಯೆನ್’ ಎಂದೇ ಬರೆಯಬೇಕು ಎನ್ನುವುದು ನನ್ನ ಹಟ. ಅಕ್ಷರ ಕೀಲಿಮಣೆಯಲ್ಲಿದೆ, ಧ್ವನಿ ಬಾಯಲ್ಲಿದೆ, ಇನ್ನೇನು ಬೇಕು? ಙ ಕಂಡರೆ ಓದುಗರು ಬೆಚ್ಚುತ್ತಾರೆ ಎನ್ನುವ ಸಂಪಾದಕರು ‘ನ್ವಿಯೆನ್’ ಎಂದು ಹಾಕಲಿ. ಇಲ್ಲದ ಗ-ವನ್ನು ಮಾತ್ರ ತುರುಕುವುದು ಬೇಡ.

ಒಂದೇ ಅಡ್ಡಹೆಸರು ಇಷ್ಟು ಜನಕ್ಕೆ ಹೇಗೆ ಅಂಟಿತು ಎಂಬುದಕ್ಕೆ ರಾಜಮನೆತನಗಳ ಏಳುಬೀಳು ಕಾರಣ. 1225ರಲ್ಲಿ ಲೀ ವಂಶ ಬಿದ್ದು ಟ್ರನ್ ವಂಶ ಬಂತು. 1232ರಲ್ಲಿ ಟ್ರನ್ ಅರಸೊತ್ತಿಗೆಯ ಸೂತ್ರಧಾರ ಟ್ರನ್ ಥು ಡೋ, ಲೀ ಹೆಸರಿನವರೆಲ್ಲ ಙ್ವಿಯೆನ್ ಆಗಬೇಕೆಂದು ಕಟ್ಟಳೆ ಮಾಡಿದ. ಹೊಸ ಅರಸರ ಪೂರ್ವಿಕನೊಬ್ಬನ ಹೆಸರು ಲೀ ಆಗಿತ್ತು, ಅದನ್ನು ಬಾಯಲ್ಲಿ ಆಡಬಾರದು ಎನ್ನುವುದು ನೆಪ. ಹಳೆಯ ವಂಶದ ಗುರುತು ಅಳಿಸುವುದು ಉದ್ದೇಶ. ಕೊನೆಗೆ 1802ರಿಂದ 1945ರವರೆಗೆ ಆಳಿದವರೇ ಙ್ವಿಯೆನ್ ವಂಶದವರು. ಆಳುವವರ ಹೆಸರನ್ನು ತಮ್ಮದಾಗಿಸಿಕೊಳ್ಳುವುದರಲ್ಲಿ ಲಾಭವಿತ್ತು.

ದೊಡ್ಡವರ ಹೆಸರು ಹೇಳಬಾರದೆಂಬ ಈ ಕಟ್ಟು, ನಮ್ಮ ಅಜ್ಜಿಯಂದಿರು ಗಂಡನ ಹೆಸರು ಬಾಯಿಬಿಟ್ಟು ಹೇಳದೆ ಸುತ್ತಿಬಳಸಿ ಹೇಳುತ್ತಿದ್ದಂಥದ್ದೇ, ಇನ್ನೊಂದು ಜೋಡಿಯನ್ನೂ ಹುಟ್ಟಿಸಿತು. 16ನೇ ಶತಮಾನದಲ್ಲಿ ದಕ್ಷಿಣಕ್ಕೆ ಹೋಗಿ ಅಲ್ಲಿನ ಒಡೆಯನಾದವನ ಹೆಸರು ಙ್ವಿಯೆನ್ ಹ್ವಾಙ್. ಹಾಗಾಗಿ ದಕ್ಷಿಣದ ಹ್ವಾಙ್ ಮನೆತನದವರು ಹ್ವಿಞ್ ಆದರು. ಉತ್ತರದಲ್ಲಿ ಹ್ವಾಙ್ ಹಾಗೇ ಉಳಿಯಿತು. ಉತ್ತರದ ‘ವೂ’, ದಕ್ಷಿಣದ ‘ವೊ’ ಕೂಡ ಇಂಥದ್ದೇ ಜೋಡಿ, ಮೂಲ ಒಂದೇ. ಎರಡನೆಯದರ ಸ್ವರ ಕನ್ನಡದ ಒ ಅಲ್ಲ. ಇಂಗ್ಲಿಷಿನಲ್ಲಿ ಚೆಂಡಿಗೆ ‘ಬಾಲ್’ ಎನ್ನುವಾಗ ಬರುವ ಅಗಲ ಬಾಯಿಯ ಸ್ವರ.

ಅ, ಆ ಮತ್ತು ತ, ಥ

ಟ್ರನ್ ಎಂದು ಬರೆದೆ. ಇಂಗ್ಲಿಷ್ ಪ್ರಭಾವದಲ್ಲಿ ನಾವು ‘ಟ್ರ್ಯಾನ್’ ಅಥವಾ ‘ಟ್ರಾನ್’ ಎನ್ನುತ್ತೇವೆ. ಆ ಹೆಸರಿನ ಎ ಅಕ್ಷರದ ಮೇಲೆ ಒಂದು ಟೋಪಿ ಇದೆ. ಟೋಪಿ ಇದ್ದರೆ ಅದು ಗಿಡ್ಡ ಸ್ವರ, ನಮ್ಮ ಹ್ರಸ್ವ ಅಕಾರಕ್ಕೆ ಬಹಳ ಹತ್ತಿರ. ‘ಡಙ್’ ಎಂಬ ಅಡ್ಡಹೆಸರಿನಲ್ಲಿ ಎ ಮೇಲೆ ಬಟ್ಟಲಿನಂಥ ಗುರುತಿದೆ, ಅದೂ ಹ್ರಸ್ವವೇ. ಏನೂ ಇಲ್ಲದ ಬರಿಯ ಎ ಇದ್ದರೆ ಅದು ದೀರ್ಘ ಆ. ಹಾಗಾಗಿ ಫ಼ಾಮ್, ಫ಼ಾನ್ ಎಂಬ ಎರಡು ಬೇರೆ ಬೇರೆ ಅಡ್ಡಹೆಸರುಗಳಲ್ಲಿ ಇರುವುದು ಆಕಾರ. ಇಂಗ್ಲಿಷಿನವರಿಗೆ ಪಾಠ ಹೇಳಿ ಕಲಿಸಬೇಕಾದ ಈ ಹ್ರಸ್ವ-ದೀರ್ಘ ನಮಗೆ ಕಾಗುಣಿತದ ಮೊದಲ ಸಾಲಿನಲ್ಲೇ ಬಂದಿದೆ. ಫ಼ಾಮ್‌ನ ಮೊದಲ ಧ್ವನಿ ‘ಫ್ಯಾನು’ ಎನ್ನುವಾಗಿನ ಫ಼; ‘ಫಲ’ದ ಫ ಅಲ್ಲ. ಕೊನೆಯಲ್ಲಿ ತುಟಿ ಮುಚ್ಚಿದ್ದು ಮುಚ್ಚಿಯೇ ಇರಬೇಕು. ಬಸ್ಸು, ಕಾರು, ಬ್ಯಾಂಕು ಎಂದು ಎಲ್ಲದಕ್ಕೂ ಉಕಾರ ಅಂಟಿಸುವ ನಮ್ಮ ಚಾಳಿ ಇಲ್ಲಿ ಕೆಲಸ ಕೆಡಿಸುತ್ತದೆ. ‘ಫ಼ಾಮು’ ಎಂದರೆ ಒಂದು ಉಚ್ಚಾರಾಂಶ ಹೆಚ್ಚಾಯಿತು, ಹೆಸರು ಹೋಯಿತು.

ಟ್ರನ್‌ನ ಮೊದಲ ಧ್ವನಿಗೂ ಎರಡು ನೆಲೆ. ಹನೋಯ್‌ನಲ್ಲಿ ಅದು ಸೀದಾ ಚ: ‘ಚನ್’. ದಕ್ಷಿಣದಲ್ಲಿ ನಾಲಿಗೆ ಮಡಚಿ ಆಡುವ ಟ, ಜೊತೆಗೆ ರಕಾರದ ನೆರಳು ಇದ್ದರೂ ಇರಬಹುದು: ‘ಟಙ್’, ‘ಟ್ರಙ್’. ಮೂರ್ಧನ್ಯ ಟ ಇರುವ ನಮಗೆ ಇದು ಸಲೀಸು.

ತ ಮತ್ತು ಥ ವಿಷಯದಲ್ಲಿ ಮಾತ್ರ ನಾವು ದಕ್ಷಿಣ ಭಾರತದವರು ಎಡವುವ ಒಂದು ವಿಶೇಷ ಜಾಗ ಇದೆ. ವಿಯೆಟ್ನಾಮಿಯಲ್ಲಿ ಬರಿಯ ಟಿ ಅಂದರೆ ತ. ಟಿ-ಎಚ್ ಅಂದರೆ ಉಸಿರು ಹೊಮ್ಮಿಸುವ ಥ. ಎರಡೂ ಅಚ್ಚುಕಟ್ಟಾಗಿ ನಮ್ಮ ತ-ವರ್ಗದವು. ಆದರೆ ಗೀತಾ, ಸವಿತಾ, ಲತಾ ಎಂಬ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ನಾವು ಟಿ-ಎಚ್ ಹಾಕಿ ತ ಎಂದು ಓದುವವರು. ಅದೇ ಅಭ್ಯಾಸದಲ್ಲಿ ವಿಯೆಟ್‌ಜೆಟ್ ವಿಮಾನ ಸಂಸ್ಥೆ ಕಟ್ಟಿದ ಙ್ವಿಯೆನ್ ಥಿ ಫ಼ುಅಙ್ ಥಾವ್ ಅವರನ್ನು ‘ತಿ… ತಾವೊ’ ಮಾಡುತ್ತೇವೆ. ಅಲ್ಲಿ ಎರಡು ಕಡೆಯೂ ಥ, ‘ಕಥೆ’ಯ ಥ. ನಡುವಿನ ಆ ‘ಥಿ’ ಹೆಂಗಸರ ಹೆಸರಿನಲ್ಲಿ ಹಿಂದಿನಿಂದ ನಡೆದುಬಂದ ನಡುಹೆಸರು. ಗಂಡಸರಿಗೆ ಹಾಗೆ ‘ವನ್’ ಇರುತ್ತಿತ್ತು.

ಅಡ್ಡಗೆರೆ ಇರುವ ಡಿ, ಇಲ್ಲದ ಡಿ

1955ರಿಂದ 1963ರವರೆಗೆ ದಕ್ಷಿಣ ವಿಯೆಟ್ನಾಮಿನ ಅಧ್ಯಕ್ಷನಾಗಿದ್ದವನ ಹೆಸರನ್ನು ತೆಗೆದುಕೊಳ್ಳಿ. ಕನ್ನಡದಲ್ಲಿ ‘ನ್ಗೋ ದಿನ್ಹ್ ಡಿಯೆಮ್’ ಎಂದು ಓದಿದ ನೆನಪು ಹಲವರಿಗಿರಬಹುದು. ಮೂರು ಪದ, ಮೂರೂ ತಪ್ಪು. ಮೊದಲನೆಯದು ಅಡ್ಡಹೆಸರು, ‘ಙೋ’. ಎರಡನೆಯದರ ಡಿ ಅಕ್ಷರಕ್ಕೆ ಮೂಲದಲ್ಲಿ ಒಂದು ಅಡ್ಡಗೆರೆ ಇದೆ. ಅಡ್ಡಗೆರೆಯ ಡಿ ಎಂದರೆ ದ ಮತ್ತು ಡ ನಡುವೆ ಎಲ್ಲೋ ನಿಲ್ಲುವ, ಗಾಳಿಯನ್ನು ತುಸು ಒಳಕ್ಕೆ ಎಳೆದು ಆಡುವ ಧ್ವನಿ. ಸಿಂಧಿ ಬಲ್ಲವರಿಗೆ ಇಂಥ ಒಳಸೆಳೆತದ ವ್ಯಂಜನಗಳು ಗೊತ್ತು. ಉಳಿದವರು ಡ ಎಂದರೆ ಸಾಕು: ‘ಡಿಞ್’. ಮೂರನೆಯದರ ಡಿ-ಗೆ ಗೆರೆಯಿಲ್ಲ. ಗೆರೆಯಿಲ್ಲದ ಡಿ ಡಕಾರವೇ ಅಲ್ಲ! ಉತ್ತರದಲ್ಲಿ ಅದು ಜ಼, ಪ್ರಾಣಿಗಳ ‘ಜ಼ೂ’ ಎನ್ನುವಾಗಿನದು, ದಕ್ಷಿಣದಲ್ಲಿ ಯ. ಆದ್ದರಿಂದ ಹನೋಯ್‌ನಲ್ಲಿ ‘ಙೋ ಡಿಞ್ ಜ಼ಿಯೆಮ್’, ಸೈಗಾನ್‌ನಲ್ಲಿ ‘ಙೋ ಡಿನ್ ಯಿಯೆಮ್’. ಇಂಗ್ಲಿಷ್ ಅಚ್ಚಿನಲ್ಲಿ ಗೆರೆ ಬಿದ್ದುಹೋಗಿ ಎರಡೂ ಡಿ ಒಂದೇ ಆದವು.

ಅಡ್ಡಹೆಸರುಗಳಲ್ಲಿ ‘ಡೋ’, ‘ಡಙ್’ ಗೆರೆಯವು. ಗೆರೆಯಿಲ್ಲದ್ದಕ್ಕೆ ಒಳ್ಳೆಯ ಉದಾಹರಣೆ ‘ಜ಼ುಅಙ್’: 1975ರ ಏಪ್ರಿಲ್ 30ರಂದು ಸೈಗಾನ್‌ನಲ್ಲಿ ಶರಣಾಗತಿ ಸಾರಿದ ಜನರಲ್‌ನ ಅಡ್ಡಹೆಸರು ಅದು. ಇದರಲ್ಲಿ ಇನ್ನೊಂದು ಸೊಗಸು ಇದೆ. ಯು ಮತ್ತು ಒ ಅಕ್ಷರಗಳ ಪಕ್ಕಕ್ಕೆ ಚಿಕ್ಕ ಕೊಂಬು ಮೂಡಿರುತ್ತದೆ. ಕೊಂಬಿದ್ದರೆ ತುಟಿ ದುಂಡಗಾಗಕೂಡದು. ತುಳುವರು ಎರಡಕ್ಕೆ ‘ರಡ್ಡ್’ ಎನ್ನುವಾಗ ಕೊನೆಯಲ್ಲಿ ಒಂದು ಅರೆ ಉಕಾರ ಬರುತ್ತದಲ್ಲ, ತುಟಿ ಚಪ್ಪಟೆಯಾಗಿಯೇ ಇರುವಂಥದ್ದು, ಕೊಂಬಿನ ಯು ಹೆಚ್ಚುಕಡಿಮೆ ಅದೇ. ಕೊಡವ ತಕ್ಕ್‌ನಲ್ಲೂ ಇಂಥ ಸ್ವರಗಳಿವೆ. ಆ ಸ್ವರದಿಂದ ಅಕಾರದ ಕಡೆ ಜಾರಿ ಙ್ ಮೇಲೆ ನಿಂತರೆ ಜ಼ುಅಙ್. ಬೆಂಗಳೂರಿನ ಕನ್ನಡಿಗನಿಗಿಂತ ಪುತ್ತೂರಿನವರಿಗೂ ಮಡಿಕೇರಿಯವರಿಗೂ ಇದು ಬೇಗ ಒಲಿಯುತ್ತದೆ. ತೂತ್ತುಕ್ಕುಡಿಯಲ್ಲಿ ಕಾರ್ಖಾನೆ ತೆರೆದಿರುವ ವಿನ್‌ಫಾಸ್ಟ್ ಕಾರಿನ ಒಡೆಯ ಫ಼ಾಮ್ ಞತ್ ವುಅಙ್ ಹೆಸರಿನ ಕೊನೆಯ ಪದದಲ್ಲೂ ಇದೇ ಸ್ವರ. ನಡುವಿನ ಪದದ ಮೊದಲಿಗೆ ನಮ್ಮ ಞ.

ಏರಿಳಿತ

ಇಲ್ಲಿಯವರೆಗೆ ನಮ್ಮ ಕೈ ಮೇಲಿತ್ತು. ರಾಗದ ವಿಷಯಕ್ಕೆ ಬಂದರೆ ನಾವೂ ಇಂಗ್ಲಿಷಿನವರೂ ಒಂದೇ ದೋಣಿಯವರು. ಉತ್ತರದ ವಿಯೆಟ್ನಾಮಿಯಲ್ಲಿ ಆರು ಸ್ವರಗತಿಗಳು, ದಕ್ಷಿಣದಲ್ಲಿ ಎರಡು ಒಂದಾಗಿ ಐದು. ಗತಿ ಬದಲಾದರೆ ಪದವೇ ಬದಲು. ‘ಹೋ’ ಎಂಬ ಅಡ್ಡಹೆಸರನ್ನು ಕೆಳದನಿಯಲ್ಲಿ ಇಳಿಸುತ್ತ ಹೇಳಬೇಕು. ಅದನ್ನೇ ಮೇಲಕ್ಕೆ ಎಳೆದರೆ ಗುಂಡಿ, ತಗ್ಗಿಸಿ ಎತ್ತಿದರೆ ಹುಲಿ. ‘ಬೂಯ್’ ಕೂಡ ಇಳಿಗತಿ. ಅದನ್ನು ಭಾರ ಹಾಕಿ ತುಂಡರಿಸಿದರೆ ಧೂಳು. ನಮ್ಮ ಕಷ್ಟ ಏನೆಂದರೆ ಕನ್ನಡದಲ್ಲಿ ದನಿ ಏರಿಸುವುದು ಪ್ರಶ್ನೆಗೆ. ಹೊಸ ಹೆಸರು ಹೇಳುವಾಗ ಅನುಮಾನದಲ್ಲಿ ‘ಹೋ?’ ಎಂದು ಕೊನೆ ಏರಿಸುತ್ತೇವೆ, ಗೌರವಾನ್ವಿತರು ಗುಂಡಿಯಾಗುತ್ತಾರೆ.

ಅಡ್ಡಹೆಸರುಗಳ ಮಟ್ಟಿಗೆ ಹೀಗೆ ಹಿಡಿದುಕೊಳ್ಳಬಹುದು. ಲೇ, ಙೋ, ಫ಼ಾನ್, ಜ಼ುಅಙ್: ಗುರುತಿಲ್ಲದವು, ದನಿ ತುಸು ಮೇಲೆ, ಏರದೆ ಇಳಿಯದೆ ಸಮನಾಗಿ. ‘ಲೇ, ಬಾರೋ ಇಲ್ಲಿ’ ಎಂದು ಗೆಳೆಯನನ್ನು ಕರೆಯುವ ಲೇ ಇಲ್ಲಿಗೆ ಒಗ್ಗದು, ನಾವದನ್ನು ಮೇಲಿಂದ ಬೀಳಿಸುತ್ತೇವೆ. ಟ್ರನ್, ಹೋ, ಬೂಯ್, ಹ್ವಾಙ್, ಹ್ವಿಞ್: ಸ್ವರದ ಮೇಲಿನ ಗೆರೆ ಎಡದಿಂದ ಬಲಕ್ಕೆ ಇಳಿದಿರುತ್ತದೆ, ದನಿಯೂ ಹಾಗೇ ಇಳಿಯುತ್ತದೆ. ಲೀ: ಗೆರೆ ಏರಿದೆ, ‘ಹೌದಾ?’ ಎಂದು ಅಚ್ಚರಿಪಡುವಾಗಿನ ಏರಿಕೆ. ಫ಼ಾಮ್, ಡಙ್: ಸ್ವರದ ಕೆಳಗೆ ಒಂದು ಚುಕ್ಕೆ, ದನಿ ತಳಕ್ಕಿಳಿಸಿ ಗಂಟಲಲ್ಲಿ ಥಟ್ಟನೆ ಕತ್ತರಿಸಬೇಕು.

ಉಳಿದದ್ದು ಅಲೆಯಂಥ ಗುರುತು. ಙ್ವಿಯೆನ್, ವೂ, ವೊ, ಡೋ ಇವೆಲ್ಲ ಅದರ ಕೆಳಗೆ ಬರುತ್ತವೆ. ಉತ್ತರದಲ್ಲಿ ಈ ಗತಿಯಲ್ಲಿ ಸ್ವರದ ನಡುವೆ ಗಂಟಲು ಒಮ್ಮೆ ಕಚ್ಚಿ ಬಿಡುತ್ತದೆ, ಆಮೇಲೆ ದನಿ ಮೇಲಕ್ಕೆ ಚಿಮ್ಮುತ್ತದೆ. ಆ ಕಚ್ಚುವಿಕೆ ನಮಗೆ ಗೊತ್ತಿಲ್ಲದ್ದೇನಲ್ಲ. ಬಾಯಿ ಮುಚ್ಚಿಕೊಂಡೇ ‘ಊಂಹೂಂ’ ಎಂದು ಬೇಡ ಎನ್ನುವಾಗ ಎರಡು ಊಂಗಳ ನಡುವೆ ಗಂಟಲು ಕ್ಷಣಮಾತ್ರ ಮುಚ್ಚುತ್ತದಲ್ಲ, ಅದೇ. ಙ್ವಿ, ಅಲ್ಲಿ ಆ ಕಡಿತ, ಯೆನ್ ಮೇಲೆ ಏರಿಕೆ. ಇದು ಒಗ್ಗದಿದ್ದರೆ ದಕ್ಷಿಣದ ರೀತಿ ಹಿಡಿಯಬಹುದು. ಅಲ್ಲಿ ಕಡಿತವಿಲ್ಲ, ದನಿ ತಗ್ಗಿ ಮೇಲೇಳುತ್ತದೆ ಅಷ್ಟೆ. ಹೊರಗಿನವರು ಕಲಿಯಲು ನನಗೆ ಅದೇ ವಾಸಿ ಎನಿಸುತ್ತದೆ.

ಗತಿ ಮುಖ್ಯವೋ ಅಲ್ಲವೋ ಎನ್ನುವವರು 1954ರ ಡಿಯೆನ್ ಬಿಯೆನ್ ಫು ಕದನ ಗೆದ್ದ ಸೇನಾನಿಯ ಹೆಸರನ್ನು ನೋಡಲಿ. ಅದರ ನಡುವಿನ ಪದವೂ ರೋಮನ್‌ನಲ್ಲಿ ಎನ್, ಜಿ, ಯು, ವೈ, ಇ, ಎನ್. ಆದರೆ ಅದರ ಮೇಲೆ ಅಲೆ ಇಲ್ಲ, ಸಮಗತಿ. ಅದು ಆ ಪ್ರಸಿದ್ಧ ಅಡ್ಡಹೆಸರಲ್ಲ, ಬೇರೆಯೇ ಪದ. ಅಡ್ಡಹೆಸರು ಮೊದಲಿನ ‘ವೊ’. ಕೊನೆಯ ಪದದ ಜಿ-ಐ ಜೋಡಿ ಗೆರೆಯಿಲ್ಲದ ಡಿ-ಯ ಹಾಗೆ, ಉತ್ತರದಲ್ಲಿ ಜ಼, ದಕ್ಷಿಣದಲ್ಲಿ ಯ. ಆದ್ದರಿಂದ ‘ಗಿಯಾಪ್’ ಎಂದು ನಾವು ಓದಿಕೊಂಡು ಬಂದವನು ಹನೋಯ್‌ನವರಿಗೆ ‘ಜ಼ಾಪ್’.

ಇಷ್ಟೆಲ್ಲ ಕಲಿತ ಮೇಲೆ ಒಂದು ಸಂಗತಿ ತಿಳಿದಿರಬೇಕು: ಅಡ್ಡಹೆಸರು ಹಿಡಿದು ಯಾರನ್ನೂ ಕರೆಯುವುದು ಅಲ್ಲಿ ವಾಡಿಕೆಯಲ್ಲ. ಬರೆಯುವಾಗ ಅಡ್ಡಹೆಸರು ಮೊದಲು, ಇಟ್ಟ ಹೆಸರು ಕೊನೆಗೆ, ಕರೆಯುವುದು ಕೊನೆಯದರಿಂದ. ಮೂರರಲ್ಲಿ ಒಬ್ಬ ಙ್ವಿಯೆನ್ ಆಗಿರುವಾಗ ಬೇರೆ ದಾರಿಯೂ ಇಲ್ಲ. ವೊ ಸೇನಾನಿ ಅಲ್ಲ, ಜ಼ಾಪ್ ಸೇನಾನಿ. 2010ರಲ್ಲಿ ನಮ್ಮ ಹೈದರಾಬಾದಿನ ಗಣಿತ ಮಹಾಸಮ್ಮೇಳನದಲ್ಲಿ ಫೀಲ್ಡ್ಸ್ ಪದಕ ಪಡೆದ ಙೋ ಬಾವ್ ಚವ್ ಅವರು ಪ್ರೊಫೆಸರ್ ಚವ್. 2006ರಿಂದ 2016ರವರೆಗೆ ಪ್ರಧಾನಿಯಾಗಿದ್ದವರನ್ನು ಇಂಗ್ಲಿಷ್ ಕಾಗುಣಿತ ನೋಡಿ ‘ಡಂಗ್’ ಎಂದವರೇ ಹೆಚ್ಚು. ಅವರು ಉತ್ತರದಲ್ಲಿ ‘ಜ಼ೂಙ್’, ಅವರ ಸ್ವಂತ ದಕ್ಷಿಣದಲ್ಲಿ ‘ಯೂಙ್’. ಎದ್ದು ಕಾಣುವ ಅಪವಾದ ಹೋ ಚಿ ಮಿಞ್. ಅವರನ್ನು ಜನ ಅಡ್ಡಹೆಸರಿನಿಂದಲೇ ‘ಬಾಕ್ ಹೋ’, ದೊಡ್ಡಪ್ಪ ಹೋ, ಎನ್ನುತ್ತಾರೆ. ಅದು ಅವರೇ ಇಟ್ಟುಕೊಂಡ ಹೆಸರು. ಹುಟ್ಟಿನಿಂದ ಅವರೂ ಙ್ವಿಯೆನ್‌.

ಬರಿಯ ಹೆಸರು ಹಿಡಿದು ಕರೆಯುವುದೂ ಒರಟು. ನಾವು ಮಂಜಣ್ಣ, ಗೌರಕ್ಕ ಎಂದು ಹೆಸರಿನ ಹಿಂದೆ ಅಂಟಿಸುವ ನೆಂಟಸ್ತಿಕೆಯನ್ನು ಅವರು ಮುಂದೆ ಇಡುತ್ತಾರೆ: ಅಣ್ಣನಿಗೆ ‘ಅಞ್’, ಅಕ್ಕನಿಗೆ ‘ಚಿ’. ಕಚೇರಿಯಲ್ಲಿ ನಿಮಗಿಂತ ಹಿರಿಯರಾದ ಥಾವ್ ಎಂಬವರಿದ್ದರೆ ‘ಚಿ ಥಾವ್’. ಇಮೇಲ್ ಸಹಿಯಲ್ಲಿ ಗುರುತುಗಳಿಲ್ಲದ ಹೆಸರು ಕಂಡರೆ, ಗುರುತುಗಳ ಸಮೇತ ಒಮ್ಮೆ ಬರೆದು ಕಳಿಸಿ ಎಂದು ಕೇಳಿ, ಊರು ಉತ್ತರವೋ ದಕ್ಷಿಣವೋ ಎಂದೂ ವಿಚಾರಿಸಿ. ಡಿ-ಗೆ ಗೆರೆ ಇದೆಯೇ, ಎ-ಗೆ ಟೋಪಿ ಇದೆಯೇ, ಚುಕ್ಕೆಯೋ ಅಲೆಯೋ ಎಂಬುದೆಲ್ಲ ಆ ಒಂದು ಸಾಲಿನಲ್ಲೇ ಸಿಗುತ್ತದೆ.